ನೊರೆ ಕಾರಿದ ಬೆಣ್ಣೆ ಕುರಿಮರಿ

ಮದುವೆಯಾದಂದಿನಿಂದ ನೆಸ್ಟರ್ ಸಾವ್ಚುಕ್ ಮಾಡಿದ ಪ್ರತಿಜ್ಞೆಗಳನ್ನೆಲ್ಲ ಒಟ್ಟಿದ್ದರೆ ಕೆನಡಾದ ವಿನಿಪೆಗ್‌ನ ಒಂದು ಇಡೀ ಚಳಿಗಾಲಕ್ಕೆ ಸಾಕಾಗುವಷ್ಟು ಸೌದೆಯಾಗುತ್ತಿತ್ತು. ಆದರೆ ಆ ಫೆಬ್ರವರಿಯ ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು, ಕೈಯಲ್ಲಿ ಫೋರ್ಕು ಹಿಡಿದು ಮಾಡಿದ್ದು ಮಾತ್ರ ಸಾಕ್ಷಾತ್ ಭೀಷ್ಮಪ್ರತಿಜ್ಞೆ!

“ಲೆಸ್ಯಾ, ಇವತ್ತಿಂದ ಈ ಮನೇಲಿ ನೀನು ಒಂದು ಚಮಚ ಎತ್ತಿಡೋ ಹಾಗಿಲ್ಲ. ಅಡುಗೆ ನಂದು, ಬಟ್ಟೆ ನಂದು, ಬಾಗಿಲ ಮುಂದಿನ ಹಿಮ ಗೋರೋದು ನಂದು. ನೀನು ಓದು. ದಂತ ಕಾಲೇಜಿನ ಬಾಗಿಲು ಒಡೆದಾದ್ರೂ ನಿನ್ನನ್ನ ಒಳಗೆ ಕೂರಿಸ್ತೀನಿ!”

“ಒಡೀಬೇಡ ಮಾರಾಯ. ಪರೀಕ್ಷೆ ಪಾಸಾದ್ರೆ ಅವರೇ ತೆಗೀತಾರೆ,” ಅಂದಳು ಹೆಂಡತಿ. “ಅಂದಹಾಗೆ ಹಿಮ ಗೋರೋದು ಹೇಗೂ ನಿಂದೇ ಕೆಲಸ ಆಗಿತ್ತಲ್ಲ?”

“ಇನ್ಮೇಲೆ ಗೊಣಗದೆ ಗೋರ್ತೀನಿ.”

“ಮೊದಲು ಒಲೆಯ ಯಾವ ತಿರುಗಣೆ ಯಾವ ಬರ್ನರಿಗೆ ಅಂತ ಕೇಳ್ಕೊಳ್ಳೋ ನೆಸ್ಟರ್ಕೋ,” ಅಂದಳು ಅವನ ತಾಯಿ ಪರಸ್ಕಾ, ತಟ್ಟೆಯಿಂದ ತಲೆ ಎತ್ತದೆ.

ಲೆಸ್ಯಾ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿ. ವರ್ಷಗಟ್ಟಲೆ ಊರವರ ಬಾಯಿಗೆ ಉಗುಳು ಹೀರುವ ಕೊಳವೆ ಹಿಡಿದು ನಿಂತವಳು. ಆ ದೇಶದ ಸರ್ಕಾರ ಮಹಾ ದಯಾಳು. ಹೃದಯ ಕೆಟ್ಟರೆ ಪುಕ್ಕಟೆ ಚಿಕಿತ್ಸೆ, ಮಂಡಿ ಕೆಟ್ಟರೆ ಪುಕ್ಕಟೆ ಚಿಕಿತ್ಸೆ. ಹಲ್ಲು ಕೆಟ್ಟರೆ ಮಾತ್ರ, ಅದು ನಿಮ್ಮ ಶೋಕಿ! ಹಲ್ಲೆಂಬುದು ದೇಹದ ಭಾಗವಲ್ಲ, ಕಿವಿಯೋಲೆಯ ಹಾಗೆ ಬೇಕಿದ್ದವರು ಹಾಕಿಕೊಳ್ಳುವ ಒಡವೆ ಎಂದು ಯಾವ ಮಹಾನುಭಾವ ತೀರ್ಮಾನಿಸಿದನೋ, ಅವನ ಬಾಯಲ್ಲಿ ಮೂವತ್ತೆರಡೂ ಗಟ್ಟಿಯಾಗಿದ್ದಿರಬೇಕು. ತುಂಬಿಸಿದರೆ ಇನ್ನೂ ಬಾಳುವ ಹಲ್ಲನ್ನು ತೋರಿಸಿ “ಕಿತ್ತೇಬಿಡಿ ಡಾಕ್ಟ್ರೇ, ಅದೇ ಅಗ್ಗ” ಎನ್ನುವವರನ್ನು ಲೆಸ್ಯಾ ನೋಡಿ ನೋಡಿ ರೋಸಿಹೋಗಿದ್ದಳು. ತಾನೇ ಡಾಕ್ಟರಾಗಿ, ಡಾಕ್ಟರೇ ಹೋಗದ ಉತ್ತರದ ಊರುಗಳಲ್ಲಿ ಕುರ್ಚಿ ಹಾಕುವುದೆಂದು ಹಟ ತೊಟ್ಟಳು. ಹಿಂದಿನ ವರ್ಷ ಪ್ರವೇಶ ಪರೀಕ್ಷೆಗೆ ಕೂತಿದ್ದಳು. ಜೀವಶಾಸ್ತ್ರ ದಾಟಿದಳು, ರಸಾಯನಶಾಸ್ತ್ರ ದಾಟಿದಳು, ಸೋಪಿನ ಮೇಲೆ ಜಾರಿ ಬಿದ್ದಳು.

ಹೌದು, ಸೋಪೇ! ಆ ಕಾಲದಲ್ಲಿ ಪರೀಕ್ಷೆಯ ಕೊನೆಗೆ ಎಲ್ಲರ ಮುಂದೆಯೂ ಒಂದೊಂದು ದುಂಡನೆಯ ಸೋಪಿನ ತುಂಡು, ಒಂದೊಂದು ಚೂರಿ, ಒಂದು ಚಿತ್ರ ಇಡುತ್ತಿದ್ದರು. ಒಂದು ತುದಿ ಚೌಕ, ಇನ್ನೊಂದು ತುದಿ ಮುಮ್ಮೂಲೆ, ನಡುವೆ ಕಂಬ. ಅರ್ಧ ಗಂಟೆಯೊಳಗೆ ಸೋಪು ಆ ಚಿತ್ರದಂತೆ ಆಗಬೇಕು. ಜನರ ಬಾಯಿಗೆ ಕೈ ಹಾಕುವ ಮೊದಲು ಸೋಪಿಗೆ ಕೈ ಹಾಕಿ ತೋರಿಸಿ ಎಂಬ ನ್ಯಾಯ. ಅಭ್ಯಾಸಕ್ಕೂ ಅಂಗಡಿಯ ಸೋಪು ನಡೆಯದು, ಪುಡಿಯಾಗುತ್ತದೆ. ಬೆಣ್ಣೆಯ ಬಣ್ಣದ, ವಾಸನೆಯೇ ಇಲ್ಲದ ಆ ವಿಶೇಷ ಸೋಪು ಟೊರಾಂಟೊದಿಂದ ಪೆಟ್ಟಿಗೆಯಲ್ಲಿ ಬರಬೇಕು. ಬರುವುದೂ ಎತ್ತಿನ ಗಾಡಿಯ ವೇಗದಲ್ಲಿ.

ನೆಸ್ಟರ್ ಕಾರ್ಪೆಟ್ ಅಂಗಡಿಯ ಮಾರಾಟಗಾರ. ಕಾರ್ಪೆಟ್ ಕತ್ತರಿಸುವ ಚೂರಿ ಹಿಡಿದವನು, ಹೀಗಾಗಿ ಜಗತ್ತಿನ ಚೂರಿವಿದ್ಯೆಯೆಲ್ಲ ತನಗೆ ಕರಗತ ಎಂದು ನಂಬಿದವನು.

ಮೊದಲ ವಾರ ಅವನು ಬೋರ್ಷ್ ಎಂಬ ಕೆಂಪು ಸಾರು ಮಾಡಿದ. ಬೀಟ್‌ರೂಟು ಪಾತ್ರೆಗಿಂತ ಹೆಚ್ಚಾಗಿ ಗೋಡೆಯಲ್ಲಿತ್ತು. ಎರಡನೆಯ ವಾರದ ಹೊತ್ತಿಗೆ ಅಡುಗೆಯೂ ಬಟ್ಟೆಯೂ ಯಾವ ಗದ್ದಲವೂ ಇಲ್ಲದೆ ಪರಸ್ಕಾಳ ಪಾಲಿಗೆ ಬಂದಿದ್ದವು. ಗಂಡಸಿನ ತ್ಯಾಗದ ಭಾರ ಹೊರಲು ಮನೆಯಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕಲ್ಲ! ಬಿಡುವಾದ ನೆಸ್ಟರ್ ‘ತರಬೇತಿ ವಿಭಾಗ’ಕ್ಕೆ ಬಡ್ತಿ ಪಡೆದ. ಕನ್ನಡಿಗೆ ಕಪ್ಪೆಯ ಜಠರ ಅಂಟಿಸಿದ. ಕಕ್ಕಸಿನ ಬಾಗಿಲಿಗೆ ಆಮ್ಲ-ಕ್ಷಾರ ಅಂಟಿಸಿದ. ದವಡೆಹಲ್ಲಿನ ದೊಡ್ಡ ಚಿತ್ರಕ್ಕೆ ಜಾಗ ಸಾಲದೆ ದೇವರ ಮೂಲೆಯಲ್ಲಿ ತೂಗುಹಾಕಿದ. ಕನ್ನಡಕ ಮರೆತ ಪರಸ್ಕಾ ಒಂದು ವಾರ ಆ ದವಡೆಹಲ್ಲಿಗೇ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ ಕೈಮುಗಿದಳು.

ಲೆಸ್ಯಾ ಸೋಪಿನ ಪೆಟ್ಟಿಗೆ ಬಿಚ್ಚಿ ಒಂದು ತುಂಡು ಎತ್ತಿಕೊಂಡು ಕೆತ್ತತೊಡಗಿದ್ದೇ ತಡ, ಗುರುಗಳು ಪ್ರತ್ಯಕ್ಷ.

“ಹಾಗಲ್ಲ, ಕೊಡು ಇಲ್ಲಿ.”

“ನೋಡ್ತಾ ಇರು, ನಾನೇ…”

“ಕೊಡೇ, ಒಂದೇ ಸಲ ತೋರಿಸ್ತೀನಿ.”

ಅವನ ಕೈಗೆ ಹೋದ ಚೂರಿ ಮತ್ತೆ ಅವಳ ಕೈಗೆ ಬರಲಿಲ್ಲ. “ಗುರು ಮೊದಲು ಕಲೀಬೇಕು, ಆಮೇಲೆ ಶಿಷ್ಯೆ. ನೀನು ಪುಸ್ತಕ ಮುಗಿಸು. ಈಸ್ಟರ್ ಆದ ಮೇಲೆ ಒಂದು ವಾರ ಬರೀ ಸೋಪು. ಕೈಯನ್ನ ಈಗಲೇ ದಣಿಸಬಾರದು,” ಎಂದು ವೇಳಾಪಟ್ಟಿ ಬರೆದು ಗೋಡೆಗೆ ಹೊಡೆದ. ಪೆಟ್ಟಿಗೆಯನ್ನು ಹೊತ್ತುಕೊಂಡು ನೆಲಮಾಳಿಗೆಗೆ ಇಳಿದ.

ಲೆಸ್ಯಾ ಒಪ್ಪಿದಳು. ಪಾಪ, ದಿನವೆಲ್ಲ ಆಸ್ಪತ್ರೆ, ಸಂಜೆಯೆಲ್ಲ ರಸಾಯನಶಾಸ್ತ್ರ. ಜಗಳಕ್ಕೆ ಪುರುಸೊತ್ತಾದರೂ ಎಲ್ಲಿ?

ನೆಲಮಾಳಿಗೆಯಲ್ಲಿ ಮಹಾಯಜ್ಞ ಆರಂಭವಾಯಿತು. ಚೌಕವಾಯಿತು, ಮುಮ್ಮೂಲೆಯಾಯಿತು, ಕಂಬವಾಯಿತು. ಆಮೇಲೆ ಗುರುಗಳಿಗೆ ಬೇಸರವಾಯಿತು. ಪರೀಕ್ಷೆಯವರ ಚಿತ್ರಗಳಲ್ಲಿ ಕಲ್ಪನೆಯೇ ಇಲ್ಲ! ಒಂದು ಸೋಪು ಮೀನಾಯಿತು, ಇನ್ನೊಂದು ಚರ್ಚಿನ ಗುಮ್ಮಟವಾಯಿತು, ಮತ್ತೊಂದು ಅವನ ಮೂಗೇ ಆಯಿತು. ಪ್ರತಿ ಸಲವೂ “ಇದೊಂದು, ಅಷ್ಟೇ” ಎಂದುಕೊಂಡೇ ಪೆಟ್ಟಿಗೆಗೆ ಕೈ ಹಾಕುತ್ತಿದ್ದ. ಈಸ್ಟರಿಗೆ ಮೊದಲಿನ ಗುರುವಾರ ಕೈಗೆ ಸಿಕ್ಕಿದ್ದು ಪೆಟ್ಟಿಗೆಯ ತಳದ ಕೊನೆಯ ತುಂಡು. ಅದನ್ನು ಒಮ್ಮೆ ಹಿಂದಕ್ಕಿಟ್ಟ. ಆದರೆ ಕಲೆ ಬಿಡಬೇಕಲ್ಲ! ಮಲಗಿದ ಕುರಿಮರಿಯೊಂದು ಆ ಸೋಪಿನಿಂದ ಹೊರಬಂತು. ಕಿವಿ ಸರಿ, ಮೂತಿ ಸರಿ, ಬೆನ್ನ ಮೇಲೆ ಗುಂಗುರು ಉಣ್ಣೆ! ಕಿವಿ ಪುಡಿಯಾಗದಿರಲೆಂದು ಅದನ್ನು ತಟ್ಟೆಯಲ್ಲಿಟ್ಟು ಫ್ರಿಜ್ಜಿನೊಳಗೆ ಸೇರಿಸಿದ. ಬೆಣ್ಣೆಯ ಪಕ್ಕಕ್ಕೆ.

ಇನ್ನು ಉಕ್ರೇನಿನಿಂದ ಬಂದು ನೆಲೆಸಿದವರ ಆ ಮನೆಗಳಲ್ಲಿ ಈಸ್ಟರಿನ ಮುನ್ನಾದಿನ ಏನಾಗುತ್ತದೆಂಬುದು ನೆನಪಿದ್ದ ಯಾವನೂ ಈ ತಪ್ಪು ಮಾಡುತ್ತಿರಲಿಲ್ಲ. ಹಬ್ಬದ ಬುಟ್ಟಿಯಲ್ಲಿ ಪಾಸ್ಕಾ ಬ್ರೆಡ್ಡು, ಬಣ್ಣದ ಮೊಟ್ಟೆ, ಸಾಸೇಜು, ಉಪ್ಪು, ಅವುಗಳ ನಡುವೆ ಬೆಣ್ಣೆಯಲ್ಲಿ ಮಾಡಿದ ಕುರಿಮರಿ. ಬುಟ್ಟಿಯನ್ನು ಚರ್ಚಿಗೆ ಒಯ್ದು ಮಂತ್ರಿಸಿದ ನೀರು ಚಿಮುಕಿಸಿಕೊಂಡು ಬಂದು, ಅಲ್ಲಿಯವರೆಗೆ ಬೆಣ್ಣೆ, ಮಾಂಸ ಮುಟ್ಟದೆ ಹಿಡಿದ ಉಪವಾಸವನ್ನು ಮರುದಿನ ಬಿಡುವುದು. ಪರಸ್ಕಾ ಪ್ರತಿ ವರ್ಷ ಮಗನಿಗೆ “ಒಂದು ಕುರಿಮರಿ ಮಾಡಿಕೊಡೋ” ಎನ್ನುವಳು. ಪ್ರತಿ ವರ್ಷ ಅವನು “ನಾಳೆ” ಎನ್ನುವನು. ಆ ಶನಿವಾರ ಫ್ರಿಜ್ಜು ತೆರೆದ ತಾಯಿಯ ಕಣ್ಣು ತುಂಬಿ ಬಂತು. ಲವಂಗದ ಎರಡು ಕಣ್ಣು ಚುಚ್ಚಿದಳು, ಕೊರಳಿಗೆ ಕೆಂಪು ರಿಬ್ಬನ್ ಕಟ್ಟಿದಳು, ಬುಟ್ಟಿಯಲ್ಲಿ ಕೂರಿಸಿ ಕಸೂತಿ ಬಟ್ಟೆ ಮುಚ್ಚಿದಳು.

ಚರ್ಚಿನ ಕೆಳಗಿನ ಹಾಲಿನಲ್ಲಿ ಉದ್ದನೆಯ ಮೇಜುಗಳ ಮೇಲೆ ಬುಟ್ಟಿಗಳ ಸಾಲು. ಮೇಣದ ಬತ್ತಿ ಹಚ್ಚಿ ಎಲ್ಲರೂ ಬಟ್ಟೆ ಸರಿಸಿದರು. ನೆಸ್ಟರ್‌ಗೆ ಆಗ ದರ್ಶನವಾಯಿತು! ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದ ಬುಟ್ಟಿಯ ಪಾನಿ (ಎಂದರೆ ಅವರ ಮಾತಿನಲ್ಲಿ ಅಮ್ಮಾವ್ರು) ಮೆಲಾನ್ಯಾ, “ಅಯ್ಯೋ ಪರಸ್ಕಾ! ಯಾರ ಕೈಕೆಲಸನೇ ಇದು? ನಂದು ನೋಡು, ಕುರಿ ಮಾಡೋಕೆ ಹೋಗಿ ಆಲೂಗಡ್ಡೆ ಆಗಿದೆ,” ಅಂದಳು.

“ನನ್ನ ನೆಸ್ಟರ್ಕೋ ಮಾಡಿದ್ದು. ತಾಯಿಗೋಸ್ಕರ,” ಅಂದಳು ಪರಸ್ಕಾ, ಇಡೀ ಹಾಲಿಗೆ ಕೇಳುವಂತೆ.

ನಾಲ್ಕು ಜನ ಬಂದು ನೋಡಿದರು. ನಾಲ್ಕು ಜನ ಬೆನ್ನು ತಟ್ಟಿದರು. ಇಲ್ಲೇ ನೋಡಿ, ಮನುಷ್ಯ ಕೆಡುವುದು! ‘ಅದು ಸೋಪು’ ಎಂಬ ಎರಡು ಪದ ಅವನ ಗಂಟಲಿನವರೆಗೆ ಬಂದು, ಹೊಗಳಿಕೆಗೆ ದಾರಿ ಬಿಟ್ಟು ಹಿಂದಕ್ಕೆ ಸರಿದವು. ಮನೆಗೆ ಹೋಗಿ ಬದಲಾಯಿಸಿದರಾಯಿತು ಎಂದುಕೊಂಡ.

ಫಾದರ್ ಝೆನೋನ್ ಧಾರಾಳಿ. ನೀರು ಚಿಮುಕಿಸುವುದೆಂದರೆ ಅವರ ಲೆಕ್ಕದಲ್ಲಿ ಕಾರು ತೊಳೆಯುವುದು. ಕುರಿಮರಿಯನ್ನು ನೋಡಿ ಮೆಚ್ಚಿ, ಅದಕ್ಕೆಂದೇ ಇನ್ನೊಂದು ಸುತ್ತು ಎರಚಿದರು. ಫಾದರ್ ಮುಂದೆ ಹೋದರು. ಮೆಲಾನ್ಯಾಳಿಗೆ ಆ ಗುಂಗುರು ಉಣ್ಣೆಯ ಗುಟ್ಟು ತಿಳಿಯಬೇಕಾಗಿತ್ತು. ಮೆಲ್ಲನೆ ಬೆರಳಿನಿಂದ ಬೆನ್ನು ಸವರಿದಳು, ಕೊರಳು ಸವರಿದಳು, ಮೂತಿ ಸವರಿದಳು. ಕುರಿಮರಿ ನೊರೆ ಕಾರಿತು!

“ಬೆಣ್ಣೆ ಉಕ್ತಾ ಇದೆ!” ಎಂದವಳೇ, ಅಭ್ಯಾಸಬಲವೋ ಭಕ್ತಿಯೋ, ಬೆರಳು ನೆಕ್ಕಿದಳು. “ಥೂ! ಥೂ! ವಿಷ ಹಾಕಿದಾನೆ!”

ಇಡೀ ಹಾಲು ತಿರುಗಿತು. ಫಾದರ್ ಹಿಂದಕ್ಕೆ ಓಡಿಬಂದರು. ಮೆಲಾನ್ಯಾಳ ತುಟಿಯಲ್ಲೂ ಕುರಿಮರಿಯ ಮೂತಿಯಲ್ಲೂ ಒಂದೇ ನೊರೆ.

“ಅದು… ಸೋಪು,” ಅಂದ ನೆಸ್ಟರ್.

“ಫಾದರ್, ನನ್ನ ಉಪವಾಸ ಮುರೀತಾ?” ಅಂದಳು ಮೆಲಾನ್ಯಾ, ಕಣ್ಣೀರಿಡುತ್ತ.

“ಸೋಪಿನಿಂದ ಮುರಿಯಲ್ಲ ಪಾನಿ,” ಅಂದರು ಫಾದರ್ ಗಂಭೀರವಾಗಿ. “ಆದ್ರೆ ನೀವು ನೆಕ್ಕಿದ್ದು ಬೆಣ್ಣೆ ಅಂತ ತಾನೇ?”

ಮೆಲಾನ್ಯಾ ಸೆರಗಿಲ್ಲದ ಕೈಯಿಂದಲೇ ತುಟಿ ಒರೆಸಿಕೊಂಡಳು. ಆಮೇಲೆ ಮಾತಾಡಿದವಳು ಲೆಸ್ಯಾ. ದನಿ ಎತ್ತಲಿಲ್ಲ. ಎತ್ತಿದ್ದರೆ ನೆಸ್ಟರ್‌ಗೆ ಹಿತವಾಗಿರುತ್ತಿತ್ತು.

“ಅದು ನನ್ನ ಪೆಟ್ಟಿಗೆಯ ಸೋಪಾ?”

“ಹೂಂ.”

“ಪೆಟ್ಟಿಗೇಲಿ ಇನ್ನೆಷ್ಟು ಉಳಿದಿದೆ?”

“ಉಳಿದದ್ದು… ಈಗ ತಾನೇ ಆಶೀರ್ವಾದ ಆಯ್ತು.”

ಪರೀಕ್ಷೆ ಮುಂದಿನ ಶನಿವಾರ. ಹೊಸ ಪೆಟ್ಟಿಗೆ ಟೊರಾಂಟೊದಿಂದ ಹೊರಟು ಬರುವಷ್ಟರಲ್ಲಿ ಟುಲಿಪ್ ಅರಳಿರುತ್ತವೆ. ಎರಡನೆಯ ಸಲವೂ ಸೋಪಿನಲ್ಲಿ ಬಿದ್ದರೆ ಮೂರನೆಯ ಸಲ ಆಸ್ಪತ್ರೆಯವರು ರಜೆ ಕೊಡುವುದಿಲ್ಲವೆಂದು ಮೊದಲೇ ಹೇಳಿದ್ದರು. ಆ ಉತ್ತರದ ಊರುಗಳ ಕುರ್ಚಿ, ಆ ಉಳಿಯಬಹುದಾದ ಹಲ್ಲುಗಳು, ಎಲ್ಲವೂ ಒಂದು ಕುರಿಮರಿಯೊಳಗೆ ಮುದುಡಿ ಕೂತಿದ್ದವು. ಲೆಸ್ಯಾ ಬುಟ್ಟಿಗೆ ಕೈ ಹಾಕಿ ಅದನ್ನು ಎತ್ತಿಕೊಂಡಳು.

“ಮುಟ್ಟಬೇಡ ಮಗಳೇ!” ಪರಸ್ಕಾ ಹೌಹಾರಿದಳು. “ಆಶೀರ್ವಾದ ಆದದ್ರಲ್ಲಿ ಮೊಟ್ಟೆ ಸಿಪ್ಪೇನೂ ಎಸೆಯೋ ಹಾಗಿಲ್ಲ. ತಿನ್ನಬೇಕು, ಇಲ್ಲಾ ಸುಡಬೇಕು, ಇಲ್ಲಾ ಮಣ್ಣಿಗೆ ಹಾಕಬೇಕು.”

“ತಿನ್ನೋದು ನಂಗೆ ಒಪ್ಪಿಗೆ. ನಿಮ್ಮ ಮಗನೇ ಶುರು ಮಾಡ್ಲಿ.”

ಎಲ್ಲರೂ ನೆಸ್ಟರ್‌ನ ಕಡೆ ನೋಡಿದರು. ಕೆಲವರು ಆಸೆಯಿಂದಲೇ ನೋಡಿದರು.

ಫಾದರ್ ಗಡ್ಡ ತುರಿಸಿಕೊಂಡರು. ಅವರು ಓದಿದ ಯಾವ ಗ್ರಂಥದಲ್ಲೂ ಸೋಪಿನ ಅಧ್ಯಾಯವಿರಲಿಲ್ಲ. ಕೊನೆಗೆ, “ಅದು ಯಾವ ಕೆಲಸಕ್ಕೆ ಹುಟ್ಟಿದೆಯೋ ಆ ಕೆಲಸಕ್ಕೇ ಬಳಸಿ. ಚೂರು ಪುಡಿ ಏನೇ ಉಳಿದ್ರೂ ಮಣ್ಣಿಗೆ ಹಾಕಿ,” ಅಂದರು.

“ಇದು ನನ್ನ ಪರೀಕ್ಷೆಗೆ ಹುಟ್ಟಿದ್ದು, ಫಾದರ್.”

“ಹಾಗಾದ್ರೆ ಕೆತ್ತಮ್ಮ.”

ಹಬ್ಬದ ಊಟವಾದ ಮೇಲೆ ಲೆಸ್ಯಾ ಅಡುಗೆಮನೆಯ ಮೇಜಿಗೆ ಕೂತಳು. ಒಂದು ಚೂರೂ ನೆಲಕ್ಕೆ ಬೀಳದಂತೆ ಪರಸ್ಕಾ ಕಸೂತಿ ಬಟ್ಟೆ ಹಾಸಿ, ಕಾವಲಿಗೆ ಎದುರು ಕೂತಳು. ಲವಂಗದ ಕಣ್ಣು ತೆಗೆದಾಯಿತು, ರಿಬ್ಬನ್ ಬಿಚ್ಚಿಯಾಯಿತು. ಚೂರಿ ಕಿವಿಗೆ ತಾಗಿತು. ಬಾಗಿಲಲ್ಲಿ ನಿಂತ ನೆಸ್ಟರ್‌ನ ಬಾಯಿ ತಾನಾಗಿಯೇ ತೆರೆಯಿತು: “ಹಾಗಲ್ಲ, ಕೊಡು…”

ಪರಸ್ಕಾ ಒಂದು ಸಾಸೇಜನ್ನು ಆ ಬಾಯಿಗೆ ತುರುಕಿದಳು.

ಕುರಿಮರಿ ಹೋಗಿ ಚೌಕ, ಮುಮ್ಮೂಲೆ, ಕಂಬವಾಯಿತು. ಅಡ್ಡಾದಿಡ್ಡಿಯಾಗಿತ್ತು. ಸೋಮವಾರ ಅದನ್ನೇ ಕೆತ್ತಿ ಸ್ವಲ್ಪ ಚಿಕ್ಕದು ಮಾಡಿದಳು, ಅಂಚು ನೆಟ್ಟಗಾಯಿತು. ಮಂಗಳವಾರ ಇನ್ನೂ ಚಿಕ್ಕದು. ಬೇರೆ ಸೋಪಿಲ್ಲ, ಹೀಗಾಗಿ ಇರುವುದರೊಳಗೇ ಇಳಿಯುತ್ತಾ ಹೋದಳು. ಶುಕ್ರವಾರದ ಹೊತ್ತಿಗೆ ಅದು ದವಡೆಹಲ್ಲಿನಷ್ಟಾಗಿತ್ತು. ಆ ಗಾತ್ರದಲ್ಲೂ ಚೌಕ ಚೌಕವೇ, ಮುಮ್ಮೂಲೆ ಮುಮ್ಮೂಲೆಯೇ!

ಆ ವಾರವಿಡೀ ನೆಸ್ಟರ್‌ಗೆ ಒಂದೇ ಕೆಲಸ. ಏಪ್ರಿಲ್‌ನಲ್ಲಿ ವಿನಿಪೆಗ್‌ನ ನೆಲ ಕಬ್ಬಿಣ. ಹಾರೆ ಹಿಡಿದು ಹಿತ್ತಲಲ್ಲಿ ದಿನಾ ಕುಟ್ಟಿ, ಕಸೂತಿ ಬಟ್ಟೆಯ ಪವಿತ್ರ ಪುಡಿಯನ್ನು ಹೂಳಬೇಕು.

“ಏನು ಹೂಳ್ತಾ ಇದೀಯೋ?” ಎಂದ ಬೇಲಿಯಾಚೆಯ ಮನೆಯವನು.

“ಕುರಿಮರಿ.”

“ನಿನ್ನೇನೂ ಹೂಳಿದ್ಯಲ್ಲ?”

“ಅದೇ ಕುರಿಮರಿ.”

ಆ ಮನೆಯವನು ಅಂದಿನಿಂದ ಮಕ್ಕಳನ್ನು ಬೇಲಿಯ ಹತ್ತಿರ ಬಿಡಲಿಲ್ಲ.

ಶನಿವಾರ ಪರೀಕ್ಷಾ ಕೋಣೆಯಲ್ಲಿ ಇಡೀ ಸೋಪು ಮುಂದೆ ಬಂದಾಗ ಲೆಸ್ಯಾಳಿಗೆ ಅದು ಸೋಪಲ್ಲ, ಬಯಲು ಅನ್ನಿಸಿತು. ಬೇಗ ಮುಗಿಸಿ ಕೈಕಟ್ಟಿ ಕೂತಳು. ಫಲಿತಾಂಶ ಬಂದಾಗ ಕೆತ್ತನೆಯಲ್ಲಿ ಅವಳ ಮೇಲೆ ಹೆಚ್ಚು ಜನ ಇರಲಿಲ್ಲ. ಬೇಸಿಗೆಯಲ್ಲಿ ಸೀಟೂ ಸಿಕ್ಕಿತು. ಒಂದಲ್ಲ, ಎರಡು. ಒಂದು ವಿನಿಪೆಗ್‌ನಲ್ಲೇ, ಇನ್ನೊಂದು ಹಗಲೆಲ್ಲ ರೈಲಿನಲ್ಲಿ ಕೂತರೂ ಮುಗಿಯದಷ್ಟು ದೂರದಲ್ಲಿ.

ಸಂತೋಷಕೂಟಕ್ಕೆ ಫಾದರ್ ಝೆನೋನ್ ಬಂದರು, ಮೆಲಾನ್ಯಾಳೂ ಬಂದಳು. ಬಡಿಸಿದ್ದನ್ನು ಮೂಸಿ ನೋಡಿಯೇ ತಿಂದಳು. ನೆಸ್ಟರ್ ಗ್ಲಾಸು ಹಿಡಿದು ಎದ್ದು ನಿಂತ.

“ಮಿತ್ರರೇ, ನನ್ನ ತರಬೇತಿಯಲ್ಲಿ ಲೋಪವಾಗಿರಬಹುದು, ಫಲದಲ್ಲಿ ಆಗಿಲ್ಲ! ಕಷ್ಟಪಡಿಸಿದ್ದರಿಂದಲೇ ಕೈ ಪಳಗಿತು. ಇನ್ನು ಕಾಲೇಜಿನ ನಾಲ್ಕು ವರ್ಷ. ನಾನು ಪ್ರತಿಜ್ಞೆ ಮಾಡ್ತೀನಿ, ಲೆಸ್ಯಾ ಒಂದು ಚಮಚ…”

“ನಾನು ದೂರದ ಕಾಲೇಜಿಗೆ ಹೂಂ ಅಂದುಬಿಟ್ಟೆ,” ಅಂದಳು ಲೆಸ್ಯಾ, ಪೆರೊಗಿ ಕಡುಬಿನ ತಟ್ಟೆಯನ್ನು ಫಾದರ್ ಕಡೆ ಸರಿಸುತ್ತ.

ಗ್ಲಾಸು ಗಾಳಿಯಲ್ಲೇ ನಿಂತಿತು.

“ಯಾಕಮ್ಮ?” ಅಂದರು ಫಾದರ್. “ಈ ಊರಿನ ಕಾಲೇಜೂ ಒಳ್ಳೇದೇ ಅಲ್ವಾ?”

“ತುಂಬಾ ಒಳ್ಳೇದು ಫಾದರ್. ಆದ್ರೆ ಈ ಊರಲ್ಲಿ ನಂಗೆ ಸಹಾಯ ಮಾಡೋರು ಇದ್ದಾರೆ.”