ಗುಲಗಂಜಿ ಹುಳುವಿನ ಮಕ್ಕಳ ಮುಖಚಹರೆ ಕುರಿತು ಒಂದು ದೂರು

ಮಾನ್ಯ ಗುಲಗಂಜಿ ಹುಳು ದಂಪತಿಗಳೇ,

ತಮ್ಮ ಕೆಂಪು ಕೋಟಿಗೂ ಅದರ ಮೇಲಿನ ಕಪ್ಪು ಚುಕ್ಕೆಗಳಿಗೂ, ಮದುವೆಯ ಉಡುಗೊರೆಗಳನ್ನೇ ಇನ್ನೂ ಪೂರ್ತಿ ಬಿಚ್ಚಿ ನೋಡದ ಸೊಸೆಯೊಬ್ಬಳ ಗೌರವಪೂರ್ವಕ ನಮಸ್ಕಾರಗಳು. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಅಲ್ಲಿ ತಮ್ಮ ಹೆಸರು ಲೇಡಿಬರ್ಡ್, ತಮ್ಮ ಚಿತ್ರ ಗೋಡೆ ತುಂಬ. ತಮ್ಮ ಮಕ್ಕಳ ಚಿತ್ರ ಮಾತ್ರ ಒಂದೂ ಇರಲಿಲ್ಲ. ನನ್ನ ಸಂಕಟಕ್ಕೆಲ್ಲ ಅದೇ ಮೂಲ.

ನಮ್ಮ ಬೀನ್ಸ್ ಹೊಲದ ನಡುವೆ ಒಂದು ಬದುವಿದೆ. ಆಚೆಯದು ಮಾವನವರ ಭಾಗ: ರಾಸಾಯನಿಕ ಗೊಬ್ಬರ, ವಾರಕ್ಕೊಮ್ಮೆ ಔಷಧಿ. ಈಚೆಯದು ನಮ್ಮವರದು: ಸಗಣಿ, ಸೊಪ್ಪು ಮತ್ತು ಅಪಾರ ಆಶಾವಾದ. ಫಸಲು ಆಚೆಯೇ ಹೆಚ್ಚು; ಅದನ್ನು ನಮ್ಮವರೂ ಒಪ್ಪುತ್ತಾರೆ, ಎಷ್ಟು ಚೆಂದ ಒಪ್ಪುತ್ತಾರೆಂದರೆ ನನಗೆ ಅವರನ್ನೇ ಇನ್ನೊಮ್ಮೆ ಮದುವೆಯಾಗೋಣ ಅನ್ನಿಸುತ್ತದೆ. ಆದರೆ ಮಳೆ ಬಂದಾಗ ಆಚೆಯ ನೀರು ಗೊಬ್ಬರವನ್ನೂ ಕಟ್ಟಿಕೊಂಡು ಕೆರೆಗೆ ಓಡಿ, ಕೆರೆ ಪಾಚಿಗಟ್ಟಿ ಮೀನಿಗೆ ಉಸಿರು ಸಿಗದಂತಾಗಿದೆ. ಈಚೆಯ ಮಣ್ಣು ಹೊಸ ಅಳಿಯನಂತೆ ಬಡಿಸಿದ್ದನ್ನೆಲ್ಲ ಒಳಗೆ ಹಾಕಿಕೊಂಡು ಸುಮ್ಮನಿರುತ್ತದೆ. ಈಚೆ ಎರೆಹುಳು, ಜೇನು, ಕಪ್ಪೆ, ಹೆಸರೇ ಗೊತ್ತಿಲ್ಲದ ಹಕ್ಕಿಗಳ ಗಲಾಟೆ. ಆಚೆ ಪರೀಕ್ಷಾ ಕೊಠಡಿಯ ಮೌನ.

ಹೀಗಿರುವಾಗ ನಮ್ಮ ಚಿಗುರಿಗೆಲ್ಲ ಸಸ್ಯಹೇನು ಹತ್ತಿತು. ಮಾವನವರು ತೀರ್ಪು ಕೊಟ್ಟರು: "ಹೂ ಬಿಡೋ ಹೊತ್ತಿಗೆ ಹೇನು ಹೋಗದಿದ್ರೆ ನನ್ನ ಔಷಧಿ ಪಂಪು ಬದು ದಾಟುತ್ತೆ. ಆಮೇಲೆ ನಿನ್ನ ಸಾವಯವ ಗೀವಯವ ಎಲ್ಲ ಬಂದ್!" ನಮ್ಮವರ ಮುಖ ನೋಡಲಾಗದೆ ನಾನೇ ಹೊಲಕ್ಕಿಳಿದೆ. ಎಲೆಗಳ ಮೇಲೆ, ಕಪ್ಪು ಮೈಗೆ ಕಿತ್ತಳೆ ಬಣ್ಣ ಬಳಿದುಕೊಂಡ, ಮೊಸಳೆಮರಿಯಂಥ ಪುಂಡರ ಗುಂಪು! ಅತ್ತೆಯೂ ನಾನೂ ಒಂದೊಂದನ್ನೇ ಹೆಕ್ಕಿ ಸೋಪಿನ ನೀರಿಗೆ ಹಾಕಿದೆವು. "ಸೊಸೆ ಅಂದ್ರೆ ಹೀಗಿರ್ಬೇಕು" ಎಂದು ಅತ್ತೆ ಹೊಗಳಿದರು. ಸಂಜೆ ಬಕೆಟ್ಟಿನೊಳಗೆ ಇಣುಕಿದ ನಮ್ಮವರು ಮೆತ್ತಗೆ, "ಚಿನ್ನಾ, ಹೇನು ತಿನ್ನೋವು ಇವೇ ಕಣೇ. ಗುಲಗಂಜಿ ಹುಳದ ಮರಿಗಳು" ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾನ್ಯರೇ, ಇದು ನ್ಯಾಯವೇ? ತಾವು ಇಷ್ಟು ಮುದ್ದಾಗಿದ್ದುಕೊಂಡು ಮಕ್ಕಳನ್ನು ಇಂಥ ಅವತಾರದಲ್ಲಿ ಬೀದಿಗೆ ಬಿಡುವುದೇ? ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪಿದೆ. ಹೊಸದಾಗಿ ಬಂದ ಸೊಸೆಯಂದಿರಿಗೆ ಒಂದು ಸುಳಿವಾದರೂ ಬೇಡವೇ? ಆದ್ದರಿಂದ ಮುಂದಿನ ಸಂತಾನಕ್ಕೆ ಕನಿಷ್ಠ ಒಂದು ಕೆಂಪು ಟೋಪಿ ತೊಡಿಸಿ, ಸಾಧ್ಯವಾದರೆ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿ, ನನ್ನ ಕೈಗೆ ಸಿಗದೆ ಉಳಿದ ಮಹನೀಯರಿಗೆ ಓವರ್‌ಟೈಮ್ ಹಚ್ಚಿ, ಹಸಿವೆಯಿಲ್ಲದಿದ್ದರೂ ನಮ್ಮ ಮುಖ ನೋಡಿ ತಿನ್ನುವಂತೆ ಬುದ್ಧಿ ಹೇಳಬೇಕಾಗಿ ವಿನಂತಿ. ಮೊಗ್ಗು ಬಂದಾಗಿದೆ, ಮಾವ ಪಂಪು ತುಂಬುತ್ತಿದ್ದಾರೆ.

ನಾಚಿಕೆಯಿಂದಲೂ ನಿರೀಕ್ಷೆಯಿಂದಲೂ ತಮ್ಮ ವಿಶ್ವಾಸಿ,
ಬದುವಿನ ಈಚೆಯ ಸೊಸೆ

ತಾಜಾ ಕಲಂ: ಇಷ್ಟು ಬರೆಯುವಷ್ಟರಲ್ಲಿ ಮಾವನವರು ಪಂಪು ಬೆನ್ನಿಗೇರಿಸಿ ಬಂದೇ ಬಿಟ್ಟರು. ನಾನು ಅಡ್ಡ ನಿಂತು, ತಮ್ಮ ಮಗನೊಬ್ಬನ ಊಟ ತೋರಿಸಿದೆ. ಅವನು ಹೇನಿನ ಮೇಲೆ ಹೇನು ಮುಗಿಸುವುದನ್ನು ಕಂಡು ಮಾವ ಪಂಪು ಕೆಳಗಿಟ್ಟು ಕುಕ್ಕರುಗಾಲಲ್ಲಿ ಕೂತರು. ಆಮೇಲೆ "ನನ್ನ ಕಡೆಗೂ ಎರಡು ಬೇಕಮ್ಮಾ" ಎಂದು ಅಂಗೈಯಲ್ಲಿ ಎತ್ತಿಕೊಂಡು ಬದುವಿನವರೆಗೆ ಹೋದವರು ಅಲ್ಲೇ ನಿಂತಿದ್ದಾರೆ. ಆಚೆ ನಿನ್ನೆಯಷ್ಟೇ ಔಷಧಿ ಹೊಡೆದವರು ಅವರೇ. ಊಟಕ್ಕೆ ಕರೆದರೂ ಬರುತ್ತಿಲ್ಲ, ಕೈ ಖಾಲಿಯಿಲ್ಲವಂತೆ. ತಮ್ಮ ಮಕ್ಕಳಿಗೆ ಕಚ್ಚುವ ಚಟವಿದ್ದರೆ ಇವತ್ತೊಂದು ದಿನ ತಡೆದುಕೊಳ್ಳಲು ಹೇಳಿ.