ಅಕ್ಕಿ ಡ್ರಮ್ಮಿನೊಳಗಿನ ಕೂಗು

ಇದ್ದಿಲ ಕೆಂಡ ಬಿಡುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯ ಹಂಗೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಅದು ನಿದ್ದೆಯ ಹಾಗೆ ಬಂದು ಜೀವ ಒಯ್ಯುತ್ತದೆ. ಇಷ್ಟು ನಮಗೆ ಗೊತ್ತಿರಬೇಕಿತ್ತು. ಹೂಟಗಳ್ಳಿಯ ಚೆಲುವರಾಜು ಅವರ ಮನೆಯಲ್ಲಿ ಇದು ಗೊತ್ತಿದ್ದದ್ದು ಗೋಡೆಯ ಮೇಲಿನ ಒಂದು ಬಿಳಿ ಬಿಲ್ಲೆಗೆ ಮಾತ್ರ. ಪಾಪ, ಅದು ಗಂಟಲು ಹರಿಯುವಂತೆ ಕೂಗುತ್ತಿತ್ತು.

ಬೆಟ್ಟಮ್ಮ: ಅದರ ಬಾಯಿ ಮುಚ್ಚಿಸಿ ಅಂದೆ ಕಣ್ರೀ. ಮಗಳು ಎಣ್ಣೆ-ನೀರು ಹಾಕಿಸ್ಕೊಂಡು ಈಗ ತಾನೇ ಮಲಗವ್ಳೆ.

ಚೆಲುವರಾಜು: ಮುಚ್ಚಿಸ್ದೆ ಕಣೆ. ಗುಂಡಿ ಒತ್ತಿದ್ರೆ ಸುಮ್ನಾಯ್ತದೆ. ಬಂದು ಕೂತ್ಕೊಳೋ ಹೊತ್ಗೆ ಮತ್ತೆ ಶುರು. ನಿನ್ನ ಹಂಗೇ.

ಮಗಳು ಪವಿತ್ರ ಹೆರಿಗೆಗೆಂದು ತವರಿಗೆ ಬಂದವಳು. ಮಾಗಿಯ ಚಳಿ, ಬಾಣಂತಿ ಕೋಣೆಯ ಕಿಟಕಿ ಸಂದಿಗಳಿಗೆ ಹಳೆ ಸೀರೆ ತುರುಕಿ, ಮಂಚದ ಕೆಳಗೆ ಬಾಣಲೆ ತುಂಬ ಕೆಂಡ ಇಟ್ಟಿದ್ದರು. ಕೆಂಡ ಬೇಡ ಅತ್ತೆ ಎಂದು ಅಳಿಯ ಪುನೀತ್ ಎಷ್ಟು ಹೇಳಿದರೂ ಕೇಳದಿದ್ದಾಗ ಆ ಬಿಲ್ಲೆ ತಂದು ಕೋಣೆಯ ಗೋಡೆಗೆ ಬಿಗಿದು ಹೋಗಿದ್ದ. ವಿಷಗಾಳಿ ಸೇರಿದರೆ ಕೂಗುತ್ತದೆ ಎಂದೂ ಹೇಳಿದ್ದ. ಕೂಸಿಗೆ ಬೆಳ್ಳಿ ಗೆಜ್ಜೆ ತರುವ ಬದಲು ಗೋಡೆಗೆ ಬಿಲ್ಲೆ ತಂದ ಎಂದು ನೆಂಟರೆಲ್ಲ ನಕ್ಕಿದ್ದರು.

ಬೆಟ್ಟಮ್ಮ: ಬ್ಯಾಟರಿ ಮುಗ್ದಿರ್ಬೇಕು.

ಚೆಲುವರಾಜು: ಸಾಯೋ ಬ್ಯಾಟರಿ ಹಿಂಗೆ ಅರಚ್ಕೋತದ? ನಾಲ್ಕು ಸಲ ಕೂಗ್ತದೆ, ಉಸಿರು ತಗೋತದೆ, ಮತ್ತೆ ನಾಲ್ಕು.

ಬೆಟ್ಟಮ್ಮ: ಹಂಗಾರೆ ಸಾಂಬ್ರಾಣಿ ಹೊಗೆ ಹಿಡಿಸಿಲ್ಲ ಅದಕ್ಕೆ.

ಚೆಲುವರಾಜು: ಸಾಂಬ್ರಾಣಿ ಹಾಕಿದ್ದು ಬೆಳಿಗ್ಗೆ. ಈಗೆಲ್ಲೈತೆ ಹೊಗೆ? ಕೆಂಡ ನಿಗಿನಿಗಿ ಅಂತದೆ, ದೇವರ ಮುಂದೆ ಇಡ್ಬೋದು.

ಬೆಟ್ಟಮ್ಮ: ಮತ್ಯಾಕೆ ಕೂಗ್ತದೆ?

ಚೆಲುವರಾಜು: ಮಿಷನ್ ಅಂದ್ಮೇಲೆ ಕೂಗ್ತದೆ. ಸರ್ವೀಸೆಲ್ಲ ಫ್ಯಾಕ್ಟ್ರಿ ಸೈರನ್ ಕೇಳಿದೀನಿ, ಒಂದಿನಾನೂ ಬೆಂಕಿ ಬಿದ್ದಿಲ್ಲ. ಸೈರನ್ ಅಂದ್ರೆ ಊಟ. ತಟ್ಟೆ ಹಾಕು.

ಸುಳ್ಳಲ್ಲ. ಮೊದಲ ಕೂಗಿಗೇ ಅವರು ಎದ್ದು ಹೋಗಿ ಕೈ ತೊಳೆದು ಬಂದಿದ್ದರು.

ಅನ್ನ ಸಾರು ಬಡಿಸಿಟ್ಟ ಬೆಟ್ಟಮ್ಮ ಸ್ಟೂಲು ಹತ್ತಿ ಬಿಲ್ಲೆಯನ್ನು ಕಿತ್ತು, ಹಳೆ ಟವೆಲಿನಲ್ಲಿ ಸುತ್ತಿ, ಅದೇ ಕೋಣೆಯ ಮೂಲೆಯ ಅಕ್ಕಿ ಡ್ರಮ್ಮಿನೊಳಗೆ ಹೂತು ಮುಚ್ಚಳ ಹಾಕಿದರು. ಕೂಗು ಈಗ ಪಕ್ಕದ ಬೀದಿಯ ಕೋಳಿಮರಿಯಷ್ಟಾಯಿತು. ಮನೆಗೆ ಶಾಂತಿ ಬಂತು. ನಮ್ಮ ಜನ ಶಾಂತಿ ಎನ್ನುವುದು ಹೆಚ್ಚಾಗಿ ಇದಕ್ಕೇ.

ಪವಿತ್ರ (ಕೋಣೆಯೊಳಗಿಂದ): ಅವ್ವ, ತಲೆ ಸಿಡೀತದೆ. ವಾಕರಿಕೆ ಬರ್ತದೆ. ಕಿಟಕಿ ತೆಗಿ.

ಬೆಟ್ಟಮ್ಮ: ಬಾಣಂತಿಗೆ ಗಾಳಿ ಸೋಕ್ಬಾರ್ದು. ನಿನ್ನೆ ಬಂದಿದ್ರಲ್ಲ ನೆಂಟ್ರು, ಅವರ ದೃಷ್ಟಿ ಅದು. ಮೆಣಸಿನಕಾಯಿ ತತ್ತೀನಿ ಇರು. ಕೂಸ್ನ ನೋಡಿ ಕಲ್ತ್ಕೊ, ಅಲ್ಲಾಡಿಸಿದ್ರೂ ಏಳ್ದೆ ಎಷ್ಟು ಚೆಂದಾಗಿ ಮಲಗದೆ.

ಅಜ್ಜಿಗೆ ಅದು ಹೆಮ್ಮೆ. ಅಲ್ಲಾಡಿಸಿದರೂ ಏಳದ ಕೂಸು.

ಬೆಟ್ಟಮ್ಮ ಮೆಣಸಿನಕಾಯಿ ಹುಡುಕುವ ಹೊತ್ತಿಗೆ ಕೆಂಡ ಕೆದಕಲು ಚೆಲುವರಾಜು ಒಳಗೆ ಹೋದರು. ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸುಮಾರು ಹೊತ್ತು ಊದಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಹೊರಗೆ ಬಂದರು.

ಚೆಲುವರಾಜು: ಯಾಕೋ ತಲೆ ಗಿರ್ರ್ ಅಂತದೆ ಕಣೆ. ಹೊಟ್ಟೆ ತೊಳೆಸ್ತದೆ. ನನಗೂ ದೃಷ್ಟಿ ಆಗೈತೆ.

ಬೆಟ್ಟಮ್ಮ: ನಿಮಗೆ?

ಚೆಲುವರಾಜು: ಯಾಕೆ, ಆಗ್ಬಾರ್ದ?

ಬೆಟ್ಟಮ್ಮ: ಈ ಮುಖಕ್ಕೆ ಯಾರ ಕಣ್ಣು ಬಿದ್ದಾದು? ಮದ್ವೆ ದಿನಾನೇ ಬೀಳ್ಲಿಲ್ಲ.

ಹೇಳಿದವರು ಹಾಗೇ ನಿಂತರು, ಕೈಯಲ್ಲಿ ಮೆಣಸಿನಕಾಯಿ. ಮಗಳಿಗೆ ದೃಷ್ಟಿ, ಒಪ್ಪಬಹುದು. ಕೂಸಿಗೆ, ಅದೂ ಸರಿ. ಆದರೆ ಇವರಿಗೆ? ಇವರಿಗೂ ಮಗಳಿಗೂ ಒಟ್ಟಿಗೇ ತಗುಲುವಂಥದ್ದು ಆ ಕೋಣೆಯಲ್ಲಿ ಕೆಂಡ ಬಿಟ್ಟರೆ ಇನ್ನೇನಿದೆ? ಅಕ್ಕಿ ಡ್ರಮ್ಮು ಹೇಳುತ್ತಿದ್ದುದಕ್ಕೆ ಬೆಟ್ಟಮ್ಮ ಮೊದಲ ಬಾರಿಗೆ ಕಿವಿಗೊಟ್ಟರು.

ಮೆಣಸಿನಕಾಯಿ ನೆಲಕ್ಕೆ ಬಿತ್ತು. ಬಾಗಿಲನ್ನು ಕಾಲಲ್ಲೇ ಒದ್ದು, ಕೂಸನ್ನು ಎದೆಗೆ ಅವುಚಿಕೊಂಡು, ಮಗಳ ರಟ್ಟೆ ಹಿಡಿದು ಎಳೆದರು.

ಬೆಟ್ಟಮ್ಮ: ಏಳವ್ವ, ನಡಿ. ಚಾಪೆ ಗೀಪೆ ಏನೂ ಬೇಡ. ರೀ, ನೀವೂ ಬನ್ನಿ ಆಚೆಗೆ.

ಅಂಗಳದ ಬಿಸಿಲಲ್ಲಿ ಕೂಸು ಕಣ್ಣು ಬಿಡಲಿಲ್ಲ. ಅಂಗಾಲು ತಟ್ಟಿದರು, ಕೆನ್ನೆ ಸವರಿದರು. ಈಗಷ್ಟೇ ಒಂದು ಕೂಗನ್ನು ಅಕ್ಕಿಯಲ್ಲಿ ಹೂತವರು ಇನ್ನೊಂದು ಕೂಗಿಗಾಗಿ ಉಸಿರು ಹಿಡಿದು ನಿಂತರು. ಕೊನೆಗೂ ಅದು ಅತ್ತಿತು. ಬೆಟ್ಟಮ್ಮ ಕಲ್ಲಿನ ಮೇಲೆ ಕುಸಿದು ಕೂತರು.

ಪವಿತ್ರ ಅಪ್ಪನ ಫೋನಿನಲ್ಲೇ ಗಂಡನಿಗೆ ಹೇಳಿದಳು. ಆಂಬುಲೆನ್ಸಿಗೆ ತಾನೇ ಹೇಳುತ್ತೇನೆ, ಏನು ಬಿಟ್ಟು ಬಂದಿದ್ದರೂ ಯಾರೂ ಮತ್ತೆ ಒಳಗೆ ಹೋಗಬೇಡಿ ಎಂದ ಪುನೀತ್. ಬ್ಯಾಟರಿ ಮುಗಿದರೆ ಆಗೊಮ್ಮೆ ಈಗೊಮ್ಮೆ ಒಂದೇ ಒಂದು ಕೀಚು ಎನ್ನುತ್ತದೆ. ನಾಲ್ಕು ಕೂಗಿ ನಿಂತು ಮತ್ತೆ ನಾಲ್ಕು ಕೂಗಿದರೆ ಎದ್ದು ಓಡಿ ಎಂದರ್ಥ ಎಂದ. ಅತ್ತೆಗೆ ಬೈಯಲಿಲ್ಲ. ಬೈದಿದ್ದರೆ ತಪ್ಪೇನೂ ಇರಲಿಲ್ಲ.

ಚೆಲುವರಾಜು: ಬಡಿಸಿಟ್ಟ ಅನ್ನ ತಣ್ಣಗಾಯ್ತದಲ್ಲೇ.

ಬೆಟ್ಟಮ್ಮ: ಹೋಗಿ ಒಳಗೆ. ಅದರ ಜೊತೆ ನೀವೂ ತಣ್ಣಗಾಗಿ.

ಚೆಲುವರಾಜು ಕೂತರು.

ಆಸ್ಪತ್ರೆಯಲ್ಲಿ ಮೂವರ ಮೂಗಿಗೂ ಆಕ್ಸಿಜನ್ ಹಿಡಿದರು. ಸಂಜೆಗೆ ಕೂಸು ಹಾಲು ಕುಡಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು, ವಿಷಗಾಳಿ ಅಂತ ನಿಮಗೆ ಹೇಗೆ ತಿಳಿಯಿತು ಎಂದು ಡಾಕ್ಟರು ಕೇಳಿದರು.

ಬೆಟ್ಟಮ್ಮ: ನಮ್ಮನೆಯವ್ರ ಮುಖ ನೋಡ್ದೆ ಡಾಕ್ಟ್ರೇ, ತಿಳೀತು.

ಎಲ್ಲರ ಮನೆಯಲ್ಲೂ ಅಂಥ ಮುಖ ಸಿಗುವುದಿಲ್ಲ. ಬಹಳ ಮನೆಗಳಲ್ಲಿ ಆ ಬಿಲ್ಲೆಯೂ ಇಲ್ಲ. ಇರುವುದು ಸಂದಿಗೆ ತುರುಕಿದ ಸೀರೆ, ಮಂಚದಡಿಯ ಕೆಂಡ, ಮತ್ತು ನಮ್ಮಜ್ಜಿ ಕಾಲದಿಂದಲೂ ಹೀಗೇ ಎನ್ನುವ ಜಂಬ. ಅಜ್ಜಿಯದು ಹೆಂಚಿನ ಮನೆ, ಸಂದುಸಂದಲ್ಲೂ ಗಾಳಿ ಆಡುತ್ತಿತ್ತು. ನಿಮ್ಮದು ಆರ್‌ಸಿಸಿ ಡಬ್ಬಿ. ಓದಿ ನಕ್ಕಿದ್ದು ಸಾಕು. ನಿಮ್ಮ ಮನೆಯ ಬಾಣಂತಿ ಕೋಣೆಗೆ ಹೋಗಿ, ಕಿಟಕಿ ಬಾಗಿಲು ತೆಗೆದು, ಕೆಂಡದ ಬಾಣಲೆಯನ್ನು ಅಂಗಳಕ್ಕೆ ಸಾಗಿಸಿ. ನಾಳೆ ಅಲ್ಲ. ಏಳಿ.