ಅನುಮಾನ ಮುಗಿಸಿಕೊಂಡು ತಂದ ಟ್ರೇಲರ್

ಗಡಿಯಾರ ರಿಪೇರಿಯವರ ನೆಮ್ಮದಿ ಕೆಟ್ಟದ್ದು ಭಾವಮೈದುನನ ಒಂದೇ ಮಾತಿನಿಂದ. ಬೆಳಿಗ್ಗೆ ಬೂಟಿನ ದಾರ ಕಟ್ಟಿಕೊಳ್ಳುತ್ತ ಅವನು, "ಹಳೇದಾದ್ರೆ ದೋಷ ಕಣ್ಣಿಗೆ ಕಾಣುತ್ತೆ ಭಾವ. ಹೊಸದ್ರಲ್ಲೇ ಮೋಸ ಇರೋದು" ಅಂದ.

ಭಾವನೋ, ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡಿ, ನಾಲ್ಕನೇ ಸಲ ಹೆಂಡತಿಯ ಕೈಲಿ ಎಳೆಸುವ ಆಸಾಮಿ. ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು.

ಅವತ್ತು ಕೊಂಡು ತರಬೇಕಾಗಿದ್ದದ್ದು ಹೊಸ ಟ್ರೇಲರ್ ಮನೆ. ಪಿಕಪ್ ಗಾಡಿಯ ಬೆನ್ನ ಮೇಲಿನ ಕೊಂಡಿಗೆ ಸಿಕ್ಕಿಸಿ ಎಳೆದುಕೊಂಡು ಹೋಗುವಂಥದ್ದು. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅಂಗಡಿಗೆ ಹತ್ತು ದಿನ ರಜೆ ಹಾಕಿ, ಮರುದಿನ ಬೆಳಿಗ್ಗೆ ಹೆಂಡತಿಗೆ ಸಮುದ್ರ ತೋರಿಸಲು ಹೊರಡುವುದಿತ್ತು.

ಹೆಂಡತಿ ಬಾಗಿಲಲ್ಲೇ ಹೇಳಿದ್ದಳು: "ಅನುಮಾನ ಏನಿದ್ರೂ ಇವತ್ತೇ ಮುಗಿಸ್ಕೊಂಡು ಬನ್ನಿ. ನಾಳೆ ದಾರೀಲಿ ಅದೇನೋ ಸದ್ದು ಅಂತ ಒಂದು ಸಲ ಗಾಡಿ ನಿಲ್ಲಿಸಿದ್ರೂ ನಾನು ಇಳಿದು ತಂಗಿ ಮನೆಗೆ ಹೋಗ್ತೀನಿ."

ಮಾರಾಟದ ಅಂಗಳದಲ್ಲಿ ಟ್ರೇಲರ್ ತೊಳೆದ ಮುತ್ತಿನ ಹಾಗೆ ನಿಂತಿತ್ತು. ಅಲ್ಲಿಯ ಮೇಲ್ವಿಚಾರಕಿ ನಗುನಗುತ್ತ ಬೀಗದ ಕೈ ಕೊಟ್ಟಳು. ಇಷ್ಟು ನಗುವವಳು ಏನನ್ನೋ ಮುಚ್ಚಿಡುತ್ತಿದ್ದಾಳೆಂದು ಇವರಿಗೆ ಆಗಲೇ ಖಾತ್ರಿಯಾಯಿತು.

ಏಣಿ ಹತ್ತಿ, ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚಾವಣಿಯ ಒಂದೊಂದು ಸಂದನ್ನೂ ನೋಡಿದರು. ಸಾಸಿವೆಕಾಳಿನಷ್ಟು ಬಿರುಕು ಸಿಕ್ಕಿತು. ಮೆಕ್ಯಾನಿಕ್ ಬಂದು ಮುಚ್ಚಿದ. ನಲ್ಲಿ ಬಿಟ್ಟರು, ಒಲೆ ಹಚ್ಚಿದರು, ಗುಂಡಿ ಒತ್ತಿದರೆ ಹೊರಕ್ಕೆ ಚಾಚುವ ಕೋಣೆಯನ್ನು ಒಳಗೆ ಹೊರಗೆ ಹನ್ನೆರಡು ಸಲ ಆಡಿಸಿದರು. ಭಾವಮೈದುನ ಹಿಂದೆ ನಿಂತು, "ಬ್ರೇಕ್ ದೀಪ ಹತ್ತಿಲ್ಲ ಭಾವ" ಎಂದು ಕೂಗಿದ. ಮೆಕ್ಯಾನಿಕ್ ಅದನ್ನೂ ಸರಿಮಾಡಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹದಿನೇಳು ದೋಷ ಸಿಕ್ಕಿ, ಹದಿನೇಳೂ ರಿಪೇರಿಯಾಗಿದ್ದವು. ಮೆಕ್ಯಾನಿಕ್ ಬೆವರು ಒರೆಸಿಕೊಳ್ಳುವುದನ್ನೂ ಬಿಟ್ಟಿದ್ದ.

ಇದನ್ನೆಲ್ಲ ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಇವರು ಚಕ್ರದ ಹತ್ತಿರ ಹೋದರೆ ಕುರ್ಚಿಯನ್ನೂ ಚಕ್ರದ ಹತ್ತಿರ ಎಳೆದುಕೊಳ್ಳುತ್ತಿದ್ದ.

"ಕಂಪನಿ ಕಡೆಯೋನು" ಎಂದು ಪಿಸುಗುಟ್ಟಿದ ಭಾವಮೈದುನ. "ನಮ್ಮ ಕಣ್ಣು ಎಲ್ಲಿ ತಪ್ಪುತ್ತೆ ಅಂತ ಕಾಯ್ತಿದಾನೆ."

ನಾಲ್ಕೂವರೆಗೆ ಮೇಲ್ವಿಚಾರಕಿ ಕಾಗದ ಮುಂದಿಟ್ಟಳು. "ಇನ್ನೇನೂ ಉಳಿದಿಲ್ಲ ಸರ್. ಸಹಿ ಹಾಕಿಬಿಡಿ."

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಭಾವಮೈದುನ ಕಿವಿಗೆ ಬಾಯಿಟ್ಟ. "ಸಿಕ್ಕಿದ್ದೇ ಹದಿನೇಳು. ಸಿಗದೇ ಇರೋದು ಎಷ್ಟಿರ್ಬೇಕು ಭಾವ?"

ಭಾವನ ಕೈ ನಿಂತಿತು. "ಇದು ಬೇಡ ಕಣಮ್ಮ. ಪಕ್ಕದಲ್ಲಿ ನಿಂತಿರೋ ಆ ಟ್ರೇಲರ್ ಕೊಡಿ."

ಅವಳ ನಗು ಮಾಯವಾಯಿತು. "ಅದೂ ಇದೇ ಥರದ್ದು, ಹೊಸದೇ. ಆದ್ರೆ ನೀವು ಅದನ್ನ ನೋಡೇ ಇಲ್ವಲ್ಲ. ಐದಕ್ಕೆ ಗೇಟ್ ಹಾಕ್ತೀವಿ. ಇದನ್ನೇ ತಗೊಂಡ್ಹೋಗಿ ಸರ್, ನನ್ನ ಮಾತು ಕೇಳಿ."

ಅವಳು ಬೇಡವೆಂದದ್ದೇ ಸಾಕಾಯಿತು. ಒಳ್ಳೇ ಮಾಲನ್ನು ಬೇರೆಯವರಿಗೆ ಎತ್ತಿಟ್ಟಿದ್ದಾಳೆ, ಕಳ್ಳಿ. ಗಡಿಯಾರದವರು ಅದರ ಕಾಗದಕ್ಕೆ ಸರಸರ ಸಹಿ ಹಾಕಿ, ಪಕ್ಕದ ಟ್ರೇಲರನ್ನು ಕೊಂಡಿಗೆ ಸಿಕ್ಕಿಸಿಕೊಂಡು, ಗೆದ್ದ ಖುಷಿಯಲ್ಲಿ ಗೇಟು ದಾಟಿದರು.

ದಾಟಿ ನಿಂತು ಕನ್ನಡಿ ಸರಿಮಾಡಿಕೊಳ್ಳುವಾಗ ಪಕ್ಕಕ್ಕೆ ಇನ್ನೊಂದು ಪಿಕಪ್ ಬಂತು. ಟೋಪಿಯ ಮನುಷ್ಯ. ಅವನ ಹಿಂದೆ ಇವರು ಬಿಟ್ಟುಬಂದ ಟ್ರೇಲರ್.

"ತುಂಬಾ ಉಪಕಾರವಾಯ್ತು ಸ್ವಾಮಿ" ಎಂದು ಅವನು ಕೈ ಮುಗಿದ. "ಅಪ್ಪನಾಣೆ, ಇಷ್ಟು ಸೋಸಿದ ಗಾಡಿ ಲೋಕದಲ್ಲೇ ಇನ್ನೊಂದಿಲ್ಲ. ನೀವೆಲ್ಲಿ ಸಹಿ ಹಾಕಿಬಿಡ್ತೀರೋ ಅಂತ ಜೀವ ಕೈಲಿ ಹಿಡ್ಕೊಂಡು ಕೂತಿದ್ದೆ."

"ನೀವು ಕಂಪನಿಯವರಲ್ವಾ?"

"ಅಯ್ಯೋ, ನಾನೂ ಗಿರಾಕಿ. ಮೊನ್ನೆ ಎರಡು ದಿನ ಕೂತು ಈಗ ನೀವು ತಗೊಂಡಿದೀರಲ್ಲ, ಅದನ್ನೇ ನೋಡಿದ್ದು. ನೋಡಿದ ಮೇಲೆ ಬೇಡ ಅಂದ್ಬಿಟ್ಟೆ."

"ಯಾಕೆ? ಏನಾಗಿತ್ತು?" ಗಡಿಯಾರದವರು ಕಿಟಕಿಯಿಂದ ಅರ್ಧ ಹೊರಬಂದರು.

ಹಿಂದಿನ ಲಾರಿ ಹಾರನ್ ಹೊಡೆಯಿತು. ಟೋಪಿಯವನು ಕೈ ಬೀಸಿ ಹೊರಟೇಹೋದ. ಇತ್ತ ಮೇಲ್ವಿಚಾರಕಿ ಗೇಟಿಗೆ ಬೀಗ ಹಾಕಿಕೊಂಡು, ಇವರ ಕಡೆ ತಿರುಗಿಯೂ ನೋಡದೆ ನಡೆದಳು.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಬಟ್ಟೆಬರೆ ಎಲ್ಲ ಕಟ್ಟಿಟ್ಟಿದೀನಿ. ನಿಮ್ಮ ಅನುಮಾನ ಎಲ್ಲ ಮುಗೀತು ತಾನೆ?"